ಜಪಾನಿನ ಬಿಸಿನೀರಿನ ಊರಿನಲ್ಲಿ ಎರಡು ರಾತ್ರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಜಪಾನಿನ ಬಿಸಿನೀರಿನ ಬುಗ್ಗೆಯ ಊರುಗಳ ಸಣ್ಣ ವಸತಿಗೃಹಗಳಲ್ಲಿ ತಂಗುವ ಬಗೆಯನ್ನು ಕೇಳಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬುಗ್ಗೆಯ ನೀರಿಗೂ ಊರಿಗೂ ಅಲ್ಲಿನವರು ಓನ್ಸೆನ್ ಎನ್ನುತ್ತಾರೆ, ಹಳೆಯ ಪದ್ಧತಿಯ ವಸತಿಗೃಹವನ್ನು ರ್ಯೋಕಾನ್ ಎನ್ನುತ್ತಾರೆ. ಈ ಎರಡು ಹೆಸರುಗಳು ಮುಂದೆ ಮತ್ತೆ ಮತ್ತೆ ಬರುತ್ತವೆ.

ಪ್ರಶ್ನೆ: ನಮ್ಮ ಮಗ ಒಸಾಕಾದಲ್ಲಿ ಎಂಜಿನಿಯರ್ ಆಗಿದ್ದಾನೆ. ನವೆಂಬರ್ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅವನ ಬಳಿ ಹೋಗುವವರಿದ್ದೇವೆ. ಗದ್ದಲವಿಲ್ಲದ ಓನ್ಸೆನ್ ಊರಿನಲ್ಲಿ ಒಂದು ರಾತ್ರಿ ಇರಿಸುತ್ತೇನೆ ಎನ್ನುತ್ತಾನೆ. ಒಂದು ರಾತ್ರಿ ಸಾಕೇ? ಅಲ್ಲಿ ಹೋಗಿ ಮಾಡುವುದೇನು?
ನಿವೃತ್ತ ಶಿಕ್ಷಕಿ, ಕಲಬುರಗಿ

ಉತ್ತರ: ಎರಡು ರಾತ್ರಿ ಇರಿ. ಇಂಥ ವಸತಿಗೃಹಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 3 ಗಂಟೆಯ ನಂತರ ಕೋಣೆ ಕೊಡುತ್ತಾರೆ, ಮರುದಿನ ಬೆಳಿಗ್ಗೆ 10 ಗಂಟೆಗೆ, ಹೆಚ್ಚೆಂದರೆ 11 ಗಂಟೆಗೆ, ಬಿಟ್ಟುಕೊಡಬೇಕು. ಪ್ರಯಾಣದ ದಣಿವು ಆರುವಷ್ಟರಲ್ಲಿ ಚೀಲ ಕಟ್ಟುವ ಹೊತ್ತು ಬಂದಿರುತ್ತದೆ. ಎರಡು ರಾತ್ರಿ ಉಳಿದವರಿಗೆ ಮಾತ್ರ ನಡುವೆ ಒಂದು ಇಡೀ ಹಗಲು ದೊರೆಯುತ್ತದೆ. ಎಲ್ಲಿಗೂ ಹೋಗಬೇಕಾಗಿಲ್ಲದ, ಯಾರ ಕೆಲಸವನ್ನೂ ಮಾಡಬೇಕಾಗಿಲ್ಲದ ಆ ಒಂದು ಹಗಲಿಗಾಗಿಯೇ ಅಷ್ಟು ದೂರ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂವತ್ತು ವರ್ಷ ಶಾಲೆಯ ಗಂಟೆಗೆ ಎದ್ದು ಕೂತವರಿಗೆ ಅದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ದಿನ ಸಾಗುವ ಕ್ರಮ ಹೀಗಿರುತ್ತದೆ. ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಬರುತ್ತೀರಿ. ಮನೆಯೊಡತಿ ಅಥವಾ ಕೆಲಸದ ಹೆಂಗಸೊಬ್ಬರು ಕೋಣೆಗೆ ಕರೆದೊಯ್ದು, ಚಹಾ ಮತ್ತು ಆ ಊರಿನ ಒಂದು ಸಿಹಿತಿಂಡಿ ಕೊಟ್ಟು, ಊಟದ ವೇಳೆ ಮತ್ತು ಸ್ನಾನಗೃಹದ ವೇಳೆಯನ್ನು ತಿಳಿಸುತ್ತಾರೆ. ಕೋಣೆಯ ನೆಲದಲ್ಲಿ ತತಾಮಿ ಎಂಬ ದಪ್ಪ ಚಾಪೆಗಳಿರುತ್ತವೆ. ಒಳಗೆ ಓಡಾಡಲು ಕೊಟ್ಟ ಚಪ್ಪಲಿಯನ್ನೂ ಅದರ ಮೇಲೆ ಮೆಟ್ಟಬಾರದು. ಶೌಚಾಲಯಕ್ಕೆ ಬೇರೆ ಚಪ್ಪಲಿ ಇಟ್ಟಿರುತ್ತಾರೆ, ಅದನ್ನು ಅಲ್ಲಿಯೇ ಬಿಟ್ಟು ಬರಬೇಕು. ತೊಡಲು ಯುಕಾತ ಎಂಬ ಹತ್ತಿಯ ನಿಲುವಂಗಿ ಕೊಡುತ್ತಾರೆ. ಅದರ ಎಡ ಸೆರಗು ಬಲ ಸೆರಗಿನ ಮೇಲೆ ಬರುವಂತೆ ಸುತ್ತಿಕೊಳ್ಳಬೇಕು. ಬಲ ಸೆರಗನ್ನು ಮೇಲಕ್ಕೆ ತಂದು ಉಡಿಸುವುದು ಅಲ್ಲಿ ಶವಕ್ಕೆ ಮಾತ್ರ, ಆದ್ದರಿಂದ ತಿರುವುಮುರುವಾದರೆ ನೋಡಿದವರಿಗೆ ಕಸಿವಿಸಿಯಾಗುತ್ತದೆ.

ಊಟಕ್ಕೆ ಮೊದಲು ಒಂದು ಸ್ನಾನ, ಮಲಗುವ ಮುನ್ನ ಒಂದು, ಬೆಳಿಗ್ಗೆ ಎದ್ದ ಮೇಲೆ ಒಂದು, ಇದು ಅಲ್ಲಿನವರ ರೂಢಿ. ರಾತ್ರಿಯೂಟ 6 ಅಥವಾ 6.30ಕ್ಕೆ ಆರಂಭವಾಗುತ್ತದೆ, ಅದನ್ನು ತಡಮಾಡುವಂತಿಲ್ಲ. ಅಡುಗೆಯವರು ಒಂದೊಂದೇ ಬಟ್ಟಲನ್ನು ಬಿಸಿಯಾಗಿರುವಾಗ ಕಳಿಸುತ್ತಾರಾದ್ದರಿಂದ ಬಸ್ಸು ತಡವಾದರೆ ದಾರಿಯಿಂದಲೇ ಮಗನ ಕೈಯಲ್ಲಿ ಫೋನ್ ಮಾಡಿಸಿ. ನೀವು ಊಟಕ್ಕೆ ಕುಳಿತಾಗ ಅನೇಕ ಕಡೆಗಳಲ್ಲಿ ಕೋಣೆಯೊಳಗೆ ನೆಲದ ಮೇಲೆ ಹಾಸಿಗೆ ಹಾಸಿರುತ್ತಾರೆ. ಬೆಳಗಿನ ಉಪಾಹಾರವಾದ ನಂತರ ಸ್ನಾನಗೃಹವನ್ನು ತೊಳೆಯಲು ಕೆಲವು ಗಂಟೆ ಮುಚ್ಚುವುದುಂಟು. ಎರಡನೆಯ ದಿನದ ಆ ಹೊತ್ತಿನಲ್ಲಿ ಊರೊಳಗೆ ನಿಧಾನವಾಗಿ ಅಡ್ಡಾಡಿ ಬರಬಹುದು.

ಊರಿನ ಆಯ್ಕೆ ಎಲ್ಲಕ್ಕಿಂತ ಮುಖ್ಯ. ಒಸಾಕಾದವರು ಸಾಮಾನ್ಯವಾಗಿ ಸೂಚಿಸುವುದು ಕೋಬೆ ನಗರದ ಅರಿಮಾವನ್ನು ಮತ್ತು ಏಳು ಸಾರ್ವಜನಿಕ ಸ್ನಾನಗೃಹಗಳಿರುವ ಕಿನೊಸಾಕಿಯನ್ನು. ಅರಿಮಾ ಬಹಳ ಸಮೀಪ, ಆದ್ದರಿಂದಲೇ ಅಲ್ಲಿ ಜನ ಹೆಚ್ಚು. ಕಿನೊಸಾಕಿ ಚೆಲುವಾದ ಊರು, ಆದರೆ ನವೆಂಬರ್‌ನಲ್ಲಿ ಅಲ್ಲಿ ಏಡಿಯ ಕಾಲ ಆರಂಭವಾಗುತ್ತದೆ. ಬಾಡಿಗೆ ಏರುತ್ತದೆ, ಅಡುಗೆಮನೆಗಳೆಲ್ಲ ಏಡಿಯಲ್ಲಿಯೇ ಮುಳುಗಿರುತ್ತವೆ, ಸಸ್ಯಾಹಾರಿಗಳಿಗೆ ಅದು ಸರಿಯಾದ ಹೊತ್ತಲ್ಲ. ನಿಮಗೆ ನಾನು ಹೇಳುವುದು ವಾಕಾಯಾಮಾ ಪ್ರಾಂತದ ಯುನೊಮಿನೆ. ಒಸಾಕಾದಿಂದ ಕಿಯಿ-ತಾನಾಬೆಯವರೆಗೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಬೆಟ್ಟದ ದಾರಿಯ ಬಸ್ಸಿನಲ್ಲಿ ಇನ್ನೂ ಎರಡು ಗಂಟೆಯಷ್ಟು. ಸಣ್ಣ ಹಳ್ಳದ ಎರಡೂ ದಡಗಳಲ್ಲಿ ಕೆಲವೇ ವಸತಿಗೃಹಗಳಿರುವ ಊರು ಅದು. ಕುಮಾನೊ ದೇವಾಲಯಗಳಿಗೆ ನಡೆದು ಹೋಗುವ ಯಾತ್ರಿಕರು ಶತಮಾನಗಳಿಂದ ಇಲ್ಲಿಯ ನೀರಿನಲ್ಲಿ ಮಿಂದು ಮಡಿಯಾಗಿ ಮುಂದೆ ಸಾಗಿದ್ದಾರೆ. ಗಾಣಗಾಪುರದಲ್ಲಿ ಭೀಮಾ ಅಮರಜಾ ಸಂಗಮದಲ್ಲಿ ಸ್ನಾನ ಮಾಡಿಯೇ ದರ್ಶನಕ್ಕೆ ಹೋಗುವ ನಮ್ಮ ಭಾಗದವರಿಗೆ ಆ ಕ್ರಮ ಹೊಸದಾಗಿ ಕಾಣುವುದಿಲ್ಲ. ಹಳ್ಳದ ಅಂಚಿನಲ್ಲಿ ಬಂಡೆಯ ನಡುವೆ ಇರುವ ತ್ಸುಬೊಯು ಎಂಬ ಪುಟ್ಟ ಸ್ನಾನದ ಗುಂಡಿ, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಿಯಿ ಬೆಟ್ಟಸಾಲಿನ ಯಾತ್ರಾಮಾರ್ಗಗಳ ಒಂದು ಭಾಗ. ಇಬ್ಬರು ಮೂವರಿಗೆ ಮಾತ್ರ ಜಾಗ, ಒಂದು ಸರದಿಗೆ 30 ನಿಮಿಷ, ಒಳಗಿನಿಂದ ಬಾಗಿಲು ಹಾಕಿಕೊಳ್ಳಬಹುದು. ಪಕ್ಕದಲ್ಲಿಯೇ ಕುದಿಯುವಷ್ಟು ಬಿಸಿಯಾದ ನೀರಿನ ತೊಟ್ಟಿಯೊಂದಿದೆ. ಊರಿನವರೂ ಬಂದವರೂ ಅದರಲ್ಲಿ ಗೆಣಸು, ಮೊಟ್ಟೆಗಳನ್ನು ಜಾಳಿಗೆಯಲ್ಲಿ ಇಳಿಬಿಟ್ಟು ಬೇಯಿಸಿಕೊಳ್ಳುತ್ತಾರೆ. ಗೆಣಸು ಬೇಯುವವರೆಗೆ ಅಲ್ಲಿ ಕೂತಿರುವುದೇ ಎರಡನೆಯ ದಿನದ ಕೆಲಸವಾಗಲಿ.

ಇನ್ನೊಂದು ಮಾತನ್ನು ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ಕೋಣೆಗಳ ನಡುವಿನ ಗೋಡೆ ತೆಳು, ಬಾಗಿಲುಗಳಲ್ಲಿ ಮರ ಮತ್ತು ಕಾಗದವೇ ಹೆಚ್ಚು. ಅಲ್ಲಿನ ನಿಶ್ಶಬ್ದವನ್ನು ತಂಗಿದವರೆಲ್ಲ ಸೇರಿ ಕಾಯುತ್ತಾರೆ. ನಮ್ಮ ಭಾಗದಲ್ಲಿ ಅಂಗಳದಿಂದ ಅಂಗಳಕ್ಕೆ ಮಾತಾಡಿ ರೂಢಿಯಾಗಿರುವುದರಿಂದ ಧ್ವನಿ ಸಹಜವಾಗಿಯೇ ದೊಡ್ಡದು. ಊರಿಗೆ ವಿಡಿಯೊ ಕರೆ ಮಾಡಬೇಕಾದರೆ ಹೊರಗೆ ಹೋಗಿ ಮಾಡಿ, ಕೋಣೆಯಲ್ಲಿ ಮೊಬೈಲ್‌ನ ಸದ್ದನ್ನು ಮುಚ್ಚಿಡಿ.

ಪ್ರಶ್ನೆ: ಓನ್ಸೆನ್‌ನಲ್ಲಿ ಬಟ್ಟೆಯಿಲ್ಲದೆ ಎಲ್ಲರ ಎದುರು ಇಳಿಯಬೇಕಂತೆ. ನನ್ನಿಂದ ಅದು ಆಗದ ಕೆಲಸ. ಹಾಗಿದ್ದರೆ ಹೋಗುವುದೇ ಬೇಡವೇ?
ಓದುಗರೊಬ್ಬರು, ಬೀದರ್

ಉತ್ತರ: ಹೋಗಿ. ಸಂಕೋಚವನ್ನು ಬಿಡಬೇಕೆಂದು ನಾನು ಯಾರಿಗೂ ಉಪದೇಶಿಸುವುದಿಲ್ಲ, ಅದಕ್ಕೆ ಅಲ್ಲಿಯೇ ದಾರಿಯಿದೆ. ಅನೇಕ ಸಣ್ಣ ರ್ಯೋಕಾನ್‌ಗಳಲ್ಲಿ ಕುಟುಂಬಕ್ಕೆಂದು ಗೊತ್ತುಮಾಡಿದ ಪ್ರತ್ಯೇಕ ಸ್ನಾನದ ಕೋಣೆಗಳಿರುತ್ತವೆ. ಮುಕ್ಕಾಲು ಗಂಟೆಯಷ್ಟು ಕಾಲ ಅದನ್ನು ನಿಮಗಾಗಿಯೇ ಬಿಟ್ಟುಕೊಡುತ್ತಾರೆ, ಕೆಲವೆಡೆ ಉಚಿತವಾಗಿ, ಕೆಲವೆಡೆ ಶುಲ್ಕ ಪಡೆದು. ಕೋಣೆಗೇ ಹೊಂದಿಕೊಂಡ ಬಿಸಿನೀರಿನ ತೊಟ್ಟಿ ಇರುವ ಮನೆಗಳೂ ಉಂಟು, ಅವುಗಳ ಬಾಡಿಗೆ ಹೆಚ್ಚು. ಸಾಮೂಹಿಕ ಸ್ನಾನಗೃಹಗಳಲ್ಲಿಯೂ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಾಗಿಲು. ತೂಗುಹಾಕಿದ ಬಟ್ಟೆಯ ಪರದೆ ಸಾಮಾನ್ಯವಾಗಿ ಗಂಡಸರ ಕಡೆ ನೀಲಿ, ಹೆಂಗಸರ ಕಡೆ ಕೆಂಪು. ಆದರೆ ಎರಡೂ ಕಡೆಯ ನೀರು ಎಲ್ಲರಿಗೂ ಸಿಗಲೆಂದು ರಾತ್ರಿ ಕಳೆದ ಮೇಲೆ ಪರದೆಗಳನ್ನು ಅದಲುಬದಲು ಮಾಡುವ ಮನೆಗಳಿವೆ, ಆದ್ದರಿಂದ ಬೆಳಿಗ್ಗೆ ಹೋಗುವಾಗ ಪರದೆಯನ್ನು ನೋಡಿಯೇ ಒಳಗೆ ಹೋಗಬೇಕು.

ಬಟ್ಟೆ ಬೇಡ ಎನ್ನುವುದರ ಹಿಂದೆ ನೀರಿನ ಶುಚಿಯ ಕಾಳಜಿಯಿದೆ. ನಾವು ಮೈ ತೊಳೆಯಲು ನೀರು ಹಾಕಿಕೊಳ್ಳುತ್ತೇವೆ, ಅಲ್ಲಿ ಮೈ ತೊಳೆದ ನಂತರವೇ ನೀರಿಗೆ ಇಳಿಯುತ್ತಾರೆ. ತೊಟ್ಟಿಯ ಹೊರಗೆ ಸಾಲಾಗಿ ಇರಿಸಿದ ಗಿಡ್ಡ ಪೀಠದ ಮೇಲೆ ಕುಳಿತು, ಸೋಪು ಹಚ್ಚಿ, ನೊರೆಯೆಲ್ಲ ಹೋಗುವವರೆಗೆ ತೊಳೆದುಕೊಂಡು, ಉದ್ದ ಕೂದಲಿದ್ದರೆ ಮೇಲೆ ಕಟ್ಟಿಕೊಂಡು ಇಳಿಯಬೇಕು. ಕೈಯಲ್ಲಿರುವ ಚಿಕ್ಕ ಟವೆಲನ್ನೂ ನೀರಿಗೆ ಅದ್ದುವಂತಿಲ್ಲ, ಅದು ತಲೆಯ ಮೇಲಿರಬೇಕು ಇಲ್ಲವೇ ದಡದಲ್ಲಿರಬೇಕು. ಇಳಿದ ಮೇಲೆ ಈಜುವುದು, ನೀರು ಎರಚುವುದು, ಬಟ್ಟೆ ಹಿಂಡುವುದು ಯಾವುದೂ ಇಲ್ಲ. ತಿಂಗಳ ಮುಟ್ಟಿನ ದಿನಗಳಲ್ಲಿ ಸಾಮೂಹಿಕ ತೊಟ್ಟಿಗೆ ಇಳಿಯದಿರುವುದು ಒಳ್ಳೆಯದು. ನಿಮ್ಮ ಬೀದರ್ ಕೋಟೆಯೊಳಗೆ ಪುರಾತತ್ವ ವಸ್ತುಸಂಗ್ರಹಾಲಯ ಇರುವ ಕಟ್ಟಡವೂ ಒಂದು ಕಾಲದ ರಾಜಸ್ನಾನಗೃಹವೇ, ಹಮಾಮು. ಸ್ನಾನಕ್ಕಾಗಿಯೇ ಅಷ್ಟು ದೊಡ್ಡ ಕಟ್ಟಡ ಕಟ್ಟಿ, ಅದರಲ್ಲಿ ನಿಧಾನವಾಗಿ ಹೊತ್ತು ಕಳೆದ ಜನ ನಮ್ಮ ನೆಲದಲ್ಲಿಯೂ ಇದ್ದರು.

ಪ್ರಶ್ನೆ: ನಮ್ಮ ಅವ್ವನ ಎರಡೂ ಮುಂಗೈಗಳಲ್ಲಿ ಮತ್ತು ಹಣೆಯಲ್ಲಿ ಚಿಕ್ಕಂದಿನಲ್ಲಿ ಹಾಕಿಸಿದ ಹಸಿರು ಹಚ್ಚೆಯಿದೆ. ಹಚ್ಚೆ ಇದ್ದವರನ್ನು ಜಪಾನಿನಲ್ಲಿ ಸ್ನಾನಕ್ಕೆ ಬಿಡುವುದಿಲ್ಲವೆಂದು ಕೇಳಿದೆ. ನಿಜವೇ?
ಸುರಪುರದ ಓದುಗರು

ಉತ್ತರ: ಅರ್ಧ ನಿಜ. ಮೈತುಂಬ ಹಚ್ಚೆ ಹಾಕಿಸಿಕೊಳ್ಳುವುದು ಅಲ್ಲಿನ ಅಪರಾಧಿ ಗುಂಪುಗಳ ಗುರುತಾಗಿದ್ದುದರಿಂದ ಈ ನಿಷೇಧ ಬೆಳೆಯಿತು. ಜಪಾನಿನ ಪ್ರವಾಸೋದ್ಯಮ ಸಂಸ್ಥೆಯು 2015ರಲ್ಲಿ ವಸತಿಗೃಹಗಳನ್ನು ವಿಚಾರಿಸಿದಾಗ, ಉತ್ತರಿಸಿದವುಗಳಲ್ಲಿ ಶೇ. 56ರಷ್ಟು ಹಚ್ಚೆಯವರನ್ನು ಬಿಡುವುದಿಲ್ಲವೆಂದವು, ಶೇ. 31ರಷ್ಟು ಬಿಡುತ್ತೇವೆ ಎಂದವು, ಶೇ. 13ರಷ್ಟು ಮುಚ್ಚಿಕೊಂಡರೆ ಬಿಡುತ್ತೇವೆ ಎಂದವು. 2013ರಲ್ಲಿ ಹೊಕ್ಕೈಡೊದಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಮಹಿಳೆಯೊಬ್ಬರನ್ನು ಅವರ ಮುಖದ ಸಾಂಪ್ರದಾಯಿಕ ಹಚ್ಚೆಯ ಕಾರಣಕ್ಕೆ ಸ್ನಾನಗೃಹಕ್ಕೆ ಬಿಡದೆ ಕಳಿಸಿದ್ದು ಅಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ನಮ್ಮ ಹಳ್ಳಿಗಳ ಅವ್ವಂದಿರ ಹಚ್ಚೆಯೂ ಅಂಥದ್ದೇ, ಕುಲದ ಮತ್ತು ಮುತ್ತೈದೆತನದ ಗುರುತು. ಅದಕ್ಕಾಗಿ ಅವರು ಬಾಗಿಲಲ್ಲಿ ನಿಂತು ತಲೆತಗ್ಗಿಸುವ ಸಂದರ್ಭ ಬರಬಾರದು ಎಂಬ ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ. ಆದ್ದರಿಂದ ಕೋಣೆ ಕಾದಿರಿಸುವಾಗಲೇ ಒಂದು ಚಿತ್ರ ಕಳಿಸಿ ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಇಲ್ಲವೇ ಕುಟುಂಬದ ಪ್ರತ್ಯೇಕ ಸ್ನಾನದ ಕೋಣೆಯಿರುವ ಮನೆಯನ್ನೇ ಆರಿಸಿ. ಮೇಲೆ ಹೇಳಿದ ಕಿನೊಸಾಕಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆಗೆ ಅಡ್ಡಿಯಿಲ್ಲ.

ಪ್ರಶ್ನೆ: ನಾವು ಲಿಂಗಾಯತರು, ಮೀನು ಮೊಟ್ಟೆ ಮುಟ್ಟುವುದಿಲ್ಲ. ಅಲ್ಲಿ ಊಟದ ಗತಿಯೇನು? ಕೊರಳಲ್ಲಿರುವ ಬೆಳ್ಳಿಯ ಕರಡಿಗೆಯನ್ನು ತೆಗೆಯದೆ ನೀರಿಗೆ ಇಳಿಯಬಹುದೇ?
ಬಟ್ಟೆ ವ್ಯಾಪಾರಿ, ಶಹಾಪುರ

ಉತ್ತರ: ಊಟವೇ ದೊಡ್ಡ ತೊಡಕು. ಅದನ್ನು ಮುಚ್ಚಿಟ್ಟು ಹೇಳಿದರೆ ನಿಮಗೆ ಅನ್ಯಾಯವಾಗುತ್ತದೆ. ರ್ಯೋಕಾನ್‌ನ ರಾತ್ರಿಯೂಟ ಅಲ್ಲಿನ ಹೆಮ್ಮೆ, ಅದರಲ್ಲಿ ಮೀನು ಮುಖ್ಯ. ಕಣ್ಣಿಗೆ ಬರೀ ತರಕಾರಿಯಂತೆ ಕಾಣುವ ಬಟ್ಟಲಿನಲ್ಲಿಯೂ ದಾಶಿ ಎಂಬ ತಿಳಿಸಾರು ಇರುತ್ತದೆ, ಅದನ್ನು ಬಹುಮಟ್ಟಿಗೆ ಒಣಗಿಸಿದ ಮೀನಿನ ಹೆರೆಗಳಿಂದ ತೆಗೆಯುತ್ತಾರೆ. ಬೆಳಗಿನ ಬೇಳೆಯ ಸಾರಿನಂತೆ ಕಾಣುವ ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟಿನ ಸಾರಿನಲ್ಲಿಯೂ, ಮೊಟ್ಟೆಯಿಲ್ಲದ ಬೇಯಿಸಿದ ಸೊಪ್ಪಿನಲ್ಲಿಯೂ ಅದು ಇರಬಹುದು. ಸಸ್ಯಾಹಾರಿ ಎಂಬ ಒಂದೇ ಮಾತು ಹೇಳಿದರೆ ಮೀನಿನ ತುಂಡನ್ನು ಮಾತ್ರ ಬಿಟ್ಟು ಸಾರನ್ನು ಹಾಗೆಯೇ ಕೊಡುವುದುಂಟು, ಅದರಲ್ಲಿ ಅವರ ದುರುದ್ದೇಶವಿಲ್ಲ. ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ನಾಲ್ಕೂ ಬೇಡ, ಕೊಂಬು ಎಂಬ ಕಡಲಕಳೆಯಿಂದ ಅಥವಾ ಒಣ ಅಣಬೆಯಿಂದ ತೆಗೆದ ದಾಶಿ ಆಗಬಹುದು ಎಂದು ಜಪಾನಿ ಭಾಷೆಯಲ್ಲಿ ಬರೆಸಿ ಮುಂಗಡವಾಗಿ ಕಳಿಸಿ. ಹೋದ ದಿನ ಬಾಗಿಲಲ್ಲಿ ನಿಂತು ಹೇಳಿದರೆ ಪ್ರಯೋಜನವಿಲ್ಲ, ಸಾಮಗ್ರಿಯನ್ನು ಅವರು ಮೊದಲೇ ತಂದಿರುತ್ತಾರೆ. ಆಗದು ಎಂದು ಮನೆಯವರು ಉತ್ತರಿಸಿದರೆ ಒತ್ತಾಯಿಸದೆ ಬೇರೆ ಮನೆ ನೋಡಿ, ಅಥವಾ ಊಟವಿಲ್ಲದೆ ಕೋಣೆ ಮಾತ್ರ ಕೊಡುವ ಮನೆಯಲ್ಲಿ ಇಳಿದುಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯುವುದಾದರೆ ವಿಮಾನ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ತೋರಿಸಿ. ಹಸಿ ಹಣ್ಣು, ತರಕಾರಿ, ಬಿತ್ತುವ ಬೀಜಗಳನ್ನು ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ.

ನಿಶ್ಚಿಂತೆಯಿಂದ ಉಣ್ಣಬೇಕೆಂದರೆ ಒಂದು ರಾತ್ರಿಯನ್ನು ಕೋಯಾಸಾನ್‌ಗೆ ಕೊಡಿ. ವಾಕಾಯಾಮಾದ ಬೆಟ್ಟದ ಮೇಲೆ ಕೂಕಾಯಿ ಎಂಬ ಬೌದ್ಧ ಗುರು 816ರಲ್ಲಿ ಚಕ್ರವರ್ತಿಯಿಂದ ಜಾಗ ಪಡೆದು ಕಟ್ಟಿದ ಮಠಗಳ ಊರು ಅದು. ಅಲ್ಲಿನ ಐವತ್ತಕ್ಕೂ ಹೆಚ್ಚು ಮಠಗಳು ಯಾತ್ರಿಕರಿಗೆ ವಸತಿ ಕೊಡುತ್ತವೆ. ಮಠದ ಅಡುಗೆಯಲ್ಲಿ ಮೀನು ಮಾಂಸ ಇರುವುದಿಲ್ಲ, ಸಾಂಪ್ರದಾಯಿಕ ಕ್ರಮದಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಇರುವುದಿಲ್ಲ. ಎಳ್ಳಿನ ಹಾಲು ಕಡೆದು ಮಾಡಿದ ಮೆತ್ತನೆಯ ಗಟ್ಟಿ, ತೋಫು ಎಂಬ ಸೋಯಾ ಹಾಲಿನ ಗಟ್ಟಿಯನ್ನು ಒಣಗಿಸಿದ್ದು, ಬೆಟ್ಟದ ಸೊಪ್ಪು, ಅನ್ನ, ಉಪ್ಪಿನಕಾಯಿ. ಖಾರ ಮಾತ್ರ ಇಲ್ಲ. ಮಠದಲ್ಲಿ ದಾಸೋಹದ ಪ್ರಸಾದಕ್ಕೆ ಕೂತು ರೂಢಿಯಿರುವವರಿಗೆ ಅಲ್ಲಿಯ ಪಂಕ್ತಿಯ ಶಿಸ್ತು ಹಿತವಾಗುತ್ತದೆ ಎಂದು ನಾನು ನಂಬುತ್ತೇನೆ.

ಕರಡಿಗೆಯ ವಿಷಯದಲ್ಲಿ ನಿಮ್ಮ ಎಚ್ಚರಿಕೆ ಸರಿಯಾಗಿದೆ. ಓನ್ಸೆನ್‌ಗಳಲ್ಲಿ ಗಂಧಕದ ಬುಗ್ಗೆಗಳು ಅನೇಕ. ಆ ನೀರಿನಲ್ಲಿರುವ ಗಂಧಕವು ಬೆಳ್ಳಿಯೊಡನೆ ಸೇರಿ ಕಪ್ಪು ಪದರ ಕಟ್ಟುತ್ತದೆ, ಸ್ವಲ್ಪ ಹೊತ್ತಿನಲ್ಲಿಯೇ ಹೊಳಪು ಹೋಗುತ್ತದೆ. ಹೆಂಗಸರ ಕಾಲುಂಗುರಕ್ಕೂ ಇದೇ ಮಾತು. ಮೊದಲ ಪ್ರಶ್ನೆಯಲ್ಲಿ ನಾನು ಹೇಳಿದ ಯುನೊಮಿನೆಯ ನೀರಿನಲ್ಲಿಯೂ ಗಂಧಕವಿದೆ. ಇಷ್ಟಲಿಂಗವನ್ನು ಮೈಯಿಂದ ಅಗಲಿಸಬೇಕೆಂದು ನಾನು ಹೇಳುವುದಿಲ್ಲ. ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿಟ್ಟು ಶಿವದಾರದಲ್ಲಿ ಬಟ್ಟೆಯ ವಸ್ತ್ರದೊಳಗೆ ಧರಿಸಿ ಹೋಗಿ, ಪ್ರತ್ಯೇಕ ಸ್ನಾನದ ಕೋಣೆಯಲ್ಲಿ ಎದೆಯ ಕೆಳಗಿನವರೆಗೆ ಮಾತ್ರ ನೀರಿನಲ್ಲಿ ಕುಳಿತುಕೊಳ್ಳಿ. ಅರ್ಧ ಮೈ ಮುಳುಗಿಸಿ ಕೂರುವುದು ಅಲ್ಲಿಯೂ ಪರಿಚಿತ ಕ್ರಮವೇ, ಹೃದಯಕ್ಕೆ ಅದು ಹೆಚ್ಚು ಸುರಕ್ಷಿತ. ಬೆಳ್ಳಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಗಂಧಕವಿಲ್ಲದ ಸಾದಾ ಬುಗ್ಗೆಯ ಊರನ್ನು ಆರಿಸಿ.

ಪ್ರಶ್ನೆ: ಜಪಾನಿನಲ್ಲಿ ಎಲ್ಲೆಂದರಲ್ಲಿ ಬಿಸಿನೀರು ಬರುತ್ತದೆ, ನಮ್ಮ ನೆಲದಲ್ಲಿ ಏಕಿಲ್ಲ?
ಪಿಯುಸಿ ವಿದ್ಯಾರ್ಥಿ, ಚಿಂಚೋಳಿ

ಉತ್ತರ: ಜಪಾನಿನಲ್ಲಿ 111 ಸಕ್ರಿಯ ಜ್ವಾಲಾಮುಖಿಗಳಿವೆ. ನೆಲದೊಳಗಿನ ಕಾದ ಶಿಲಾರಸದ ಬಳಿಗೆ ಇಳಿದ ಮಳೆನೀರು ಬಿಸಿಯಾಗಿ, ಬಂಡೆಗಳ ಲವಣಗಳನ್ನು ಕರಗಿಸಿಕೊಂಡು, ಬಿರುಕುಗಳಲ್ಲಿ ಮೇಲೇರುತ್ತದೆ. ಯುನೊಮಿನೆಯ ಪ್ರಾಂತದಂತೆ ಹತ್ತಿರ ಸಕ್ರಿಯ ಜ್ವಾಲಾಮುಖಿ ಇಲ್ಲದ ಕಡೆಯೂ ಆಳದ ಬಿರುಕುಗಳಿಂದ ಬಿಸಿನೀರು ಬರುವುದುಂಟು. ನಿಮ್ಮ ಚಿಂಚೋಳಿಯ ಸುತ್ತಲಿನ ಕಪ್ಪುಕಲ್ಲು ಕೂಡ ಜ್ವಾಲಾಮುಖಿಯದೇ, ಆದರೆ ಆ ಬೆಂಕಿ ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಆರಿತು. ಭೂಮಿಯೊಳಗೆ ಪ್ರತಿ 100 ಮೀಟರ್ ಇಳಿದಂತೆ ಸರಾಸರಿ 3 ಡಿಗ್ರಿಯಷ್ಟು ಶಾಖ ಏರುತ್ತದಾದ್ದರಿಂದ ಆಳದಲ್ಲಿ ಬಿಸಿ ಎಲ್ಲ ಕಡೆಯೂ ಇದೆ, ಮೇಲೆ ಬರುವ ದಾರಿಯಿಲ್ಲ. ಕರ್ನಾಟಕದಲ್ಲಿ ಬಿಸಿನೀರಿನ ಬುಗ್ಗೆ ನೋಡಬೇಕಾದರೆ ಪುತ್ತೂರಿನ ಬಳಿಯ ಬೆಂದ್ರುತೀರ್ಥಕ್ಕೆ ಹೋಗು. ಜಪಾನಿನ 1948ರ ಓನ್ಸೆನ್ ಕಾನೂನಿನಂತೆ ಬುಗ್ಗೆಯ ಬಾಯಿಯಲ್ಲಿ ನೀರು 25 ಡಿಗ್ರಿಗಿಂತ ಕಡಿಮೆಯಿರಬಾರದು, ಅಥವಾ ಕಾನೂನು ಹೆಸರಿಸಿದ 19 ವಸ್ತುಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಆದ್ದರಿಂದ ತಣ್ಣನೆಯ ನೀರೂ ಕೆಲವೊಮ್ಮೆ ಓನ್ಸೆನ್ ಎನಿಸಿಕೊಂಡು, ಕಾಯಿಸಿದ ಮೇಲೆ ಸ್ನಾನಕ್ಕೆ ಬರುತ್ತದೆ.

ಪ್ರಶ್ನೆ: ತಂದೆಯವರಿಗೆ 72 ವರ್ಷ, ಬಿಪಿ ಮತ್ತು ಸಕ್ಕರೆ ಕಾಯಿಲೆಯಿದೆ, ಮೊಣಕಾಲು ನೋವು ಬಹಳ. ಗಂಧಕದ ನೀರಿನಲ್ಲಿ ಕೂತರೆ ಮೊಣಕಾಲು ಗುಣವಾಗುವುದೇ?
ಹುಮನಾಬಾದ್‌ನ ಓದುಗರು

ಉತ್ತರ: ಗುಣವಾಗುತ್ತದೆ ಎಂಬ ಆಸೆಯಿಂದ ಕರೆದೊಯ್ಯಬೇಡಿ. ಕಾದ ನೀರಿನಲ್ಲಿ ಸ್ನಾಯು ಸಡಿಲಗೊಂಡು, ನೀರು ಮೈಯ ಭಾರವನ್ನು ಹೊತ್ತು, ಕೀಲುಗಳಿಗೆ ಕೆಲವು ಗಂಟೆ ನೆಮ್ಮದಿ ಸಿಗುತ್ತದೆ, ಅದಂತೂ ನಿಜ. ಹಿಂದೆ ಜಪಾನಿನ ರೈತರು ಸುಗ್ಗಿ ಮುಗಿದ ಮೇಲೆ ಅಕ್ಕಿ ಬೇಳೆ ಹೊತ್ತುಕೊಂಡು ಹೋಗಿ, ವಾರಗಟ್ಟಲೆ ಬುಗ್ಗೆಯ ಬಳಿ ಉಳಿದು ಮೈ ಸುಧಾರಿಸಿಕೊಳ್ಳುತ್ತಿದ್ದರು. ಎರಡು ದಿನದ ವಾಸಕ್ಕೆ ಅಷ್ಟು ದೊಡ್ಡ ಭಾರ ಹೊರಿಸಬಾರದು.

ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ತೊಟ್ಟಿಯ ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಇರುತ್ತದೆ. ಕಲಬುರಗಿ ಭಾಗದ ಮೇ ತಿಂಗಳಿನಲ್ಲಿ ಗಾಳಿಯೇ ಅಷ್ಟಿರುತ್ತದಲ್ಲ ಎಂದು ತಂದೆಯವರು ಹೇಳಬಹುದು, ಆದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೀರಿ ಶಾಖವನ್ನು ಸಾಗಿಸುತ್ತದೆ, ಅದರೊಳಗೆ ಬೆವರು ಆರುವುದೂ ಇಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಟ್ಟೆ ಬಿಚ್ಚುವ ಕೋಣೆ ತಣ್ಣಗಿರುತ್ತದೆ. ಅಲ್ಲಿಂದ ನೇರವಾಗಿ ಬಿಸಿನೀರಿಗೆ ಇಳಿದಾಗ ರಕ್ತದೊತ್ತಡ ಏರಿ ಇಳಿದು ವೃದ್ಧರು ಕುಸಿಯುವುದು ಜಪಾನಿನಲ್ಲಿಯೇ ಪ್ರತಿ ಚಳಿಗಾಲದ ದೊಡ್ಡ ಚಿಂತೆ. ಕಾಲಿನಿಂದ ಆರಂಭಿಸಿ ಮೇಲಕ್ಕೆ ಹತ್ತು ತಂಬಿಗೆ ನೀರು ಹಾಕಿಕೊಂಡ ನಂತರ ಇಳಿಯಲಿ, ಐದು ನಿಮಿಷಕ್ಕೆ ಮೇಲೆ ಬರಲಿ, ಏಳುವಾಗ ಕೈಹಿಡಿ ಹಿಡಿದು ನಿಧಾನವಾಗಿ ಏಳಲಿ, ಮೊದಲೂ ನಂತರವೂ ನೀರು ಕುಡಿಯಲಿ. ಊಟವಾದ ಕೂಡಲೇ ಇಳಿಯುವುದು ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದ್ದರೆ ನೀರಿನ ಬಿಸಿ ಅವರಿಗೆ ಗೊತ್ತಾಗದೆ ಸುಡಬಹುದು, ಆದ್ದರಿಂದ ನೀವು ಕೈಯಿಟ್ಟು ನೋಡಿದ ಮೇಲೆಯೇ ಇಳಿಸಿ. ಒಬ್ಬರನ್ನೇ ಎಂದೂ ಬಿಡಬೇಡಿ. ಕುಸಾತ್ಸುವಿನ ಹೆಸರು ನೀವು ಕೇಳಿರಬಹುದು. 19ನೆಯ ಶತಮಾನದಲ್ಲಿ ಜರ್ಮನ್ ವೈದ್ಯ ಎರ್ವಿನ್ ಬೆಲ್ಟ್ಸ್ ಹೊಗಳಿದ ಊರು ಅದು. ಆದರೆ ಅಲ್ಲಿಯ ನೀರಿನ ಪಿಎಚ್ ಸುಮಾರು 2, ಬಲವಾದ ಆಮ್ಲ, ವಯಸ್ಸಾದವರ ತೆಳು ಚರ್ಮಕ್ಕೆ ಉರಿಯಾಗುತ್ತದೆ. ತಂದೆಯವರಿಗೆ ಸಾದಾ ಬುಗ್ಗೆಯೇ ಸಾಕು.

ನೆಲದಲ್ಲಿ ಕೂರುವ, ನೆಲದಲ್ಲಿ ಮಲಗುವ ಪದ್ಧತಿ ಮೊಣಕಾಲಿಗೆ ನೀರಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಕುರ್ಚಿ, ಮೇಜು ಮತ್ತು ಮಂಚವಿರುವ ಕೋಣೆಯನ್ನೇ ಕೇಳಿ, ಈಗ ಅನೇಕ ಮನೆಗಳಲ್ಲಿ ಇವೆ. ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಒಯ್ಯಿರಿ, ಒಂದು ತಿಂಗಳಿಗಿಂತ ಹೆಚ್ಚು ಬೇಕಾದರೆ ಮುಂಗಡ ಅನುಮತಿ ಪಡೆಯಬೇಕು. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೊಎಫೆಡ್ರಿನ್ ಮೇಲೆ ಅಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿರುವುದರಿಂದ ಅವುಗಳನ್ನು ಮನೆಯಲ್ಲಿಯೇ ಬಿಡುವುದು ಕ್ಷೇಮ.

ಪ್ರಶ್ನೆ: ಖರ್ಚು ಎಷ್ಟು?
ಸೇಡಂ, ಆಳಂದ ಮತ್ತು ಯಾದಗಿರಿಯ ಓದುಗರು

ಉತ್ತರ: ಬಾಡಿಗೆಯನ್ನು ಕೋಣೆಗಲ್ಲ, ತಲೆಗೆ ಲೆಕ್ಕ ಹಾಕುತ್ತಾರೆ, ಅದರಲ್ಲಿ ರಾತ್ರಿಯೂಟವೂ ಬೆಳಗಿನ ಉಪಾಹಾರವೂ ಸೇರಿರುತ್ತವೆ. ಸಣ್ಣ ರ್ಯೋಕಾನ್‌ನಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಸುಮಾರು 15 ಸಾವಿರದಿಂದ 25 ಸಾವಿರ ಯೆನ್ ಆಗುತ್ತದೆ. ಒಂದು ಯೆನ್ ಅರ್ಧ ರೂಪಾಯಿಗಿಂತ ಸ್ವಲ್ಪ ಹೆಚ್ಚು ಎಂದು ಹಿಡಿದರೆ ಲೆಕ್ಕ ಸುಲಭ. ಮಿನ್‌ಶುಕು ಎಂಬ, ಮನೆಯವರೇ ನಡೆಸುವ ಸಾದಾ ವಸತಿಗಳು ಇದಕ್ಕಿಂತ ಅಗ್ಗ, ಶಾಂತಿಯಲ್ಲಿ ಕಡಿಮೆಯೇನಲ್ಲ. ಇದರ ಮೇಲೆ ಬಹುತೇಕ ಊರುಗಳಲ್ಲಿ ತಲೆಗೆ ದಿನಕ್ಕೆ 150 ಯೆನ್ ಸ್ನಾನದ ತೆರಿಗೆಯಿದೆ. ಭಕ್ಷೀಸು ಕೊಡುವ ಪದ್ಧತಿಯಿಲ್ಲ. ಬೆಟ್ಟದ ಊರುಗಳಲ್ಲಿ ಕೆಲವರು ಕಾರ್ಡ್ ಒಪ್ಪುವುದಿಲ್ಲವಾದ್ದರಿಂದ ನಗದು ಇಟ್ಟುಕೊಳ್ಳಿ. ಹೋಗುವುದು ತಪ್ಪಿದರೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ತಿಳಿಸಿ. ನಿಮ್ಮ ಹೆಸರಿನಲ್ಲಿ ತರಕಾರಿ, ತೋಫು ತಂದಿಟ್ಟುಕೊಂಡಿರುತ್ತಾರೆ, ಕೊನೆಯ ದಿನಗಳಲ್ಲಿ ರದ್ದು ಮಾಡಿದರೆ ಬಾಡಿಗೆಯ ದೊಡ್ಡ ಪಾಲನ್ನು, ತಿಳಿಸದೆ ತಪ್ಪಿಸಿದರೆ ಪೂರ್ತಿ ಬಾಡಿಗೆಯನ್ನೂ ಕೇಳುವುದುಂಟು.